ಕೆಟಲಿನಲ್ಲಿ ಬಚ್ಚಿಟ್ಟ ಅನ್ನ

ಅಣ್ಣ ಊಟಕ್ಕೆ ಬರುತ್ತಾನೆಂದು ಕುಳ್ಳನಿಗೆ ಯಾರೂ ಹೇಳಿರಲಿಲ್ಲ. ಅನ್ನಕ್ಕೆ ವಿನೆಗರ್ ಕಲಸುತ್ತಾ ತಲೆ ಎತ್ತಿದರೆ, ಕಿಟಕಿ ಪಕ್ಕದ ಮೇಜಿನಲ್ಲಿ ಬೆಲ್ಟು ಸಡಿಲಿಸಿಕೊಂಡು ಕೂತಿದ್ದಾನೆ. ಎದುರಿಗೆ ಅತ್ತಿಗೆ.

ಅದು ಸುಶಿ ಹೋಟೆಲು. ಬಾಗಿಲಲ್ಲಿ ಒಮ್ಮೆ ದುಡ್ಡು ಕೊಟ್ಟರೆ ಹೊಟ್ಟೆ ಬಿರಿಯುವಷ್ಟು ತಿನ್ನಬಹುದು. ಆದರೆ ತರಿಸಿಕೊಂಡದ್ದನ್ನು ಬಿಟ್ಟು ಏಳುವಂತಿಲ್ಲ. ಸಣ್ಣ ಅನ್ನದ ಉಂಡೆ, ಮೇಲೊಂದು ಹಸಿ ಮೀನಿನ ಚೂರು. ಜಿಪುಣರು ಮೀನನ್ನಷ್ಟೇ ಎಳೆದು ತಿಂದು ಅನ್ನವನ್ನು ಎಲ್ಲೆಲ್ಲೋ ತುರುಕುತ್ತಾರೆ. ಅಂಥವರನ್ನು ಹಿಡಿಯುವುದೂ ಕುಳ್ಳನ ಕೆಲಸವೇ.

ಅಕ್ಕಿ ತೊಳೆದೂ ತೊಳೆದೂ ಅವನ ಬೆರಳು ಬಿಳಿಚಿದ್ದವು. ಅವನಿಗೆ ಬೇಕಾಗಿದ್ದು ಮೀನು ಕೊಯ್ಯುವ ಚಾಕು. ಯಜಮಾನ ಬೆಳಿಗ್ಗೆ ಹೇಳಿದ್ದ: "ಇವತ್ತು ಒಂದಗುಳು ಕಸಕ್ಕೆ ಹೋಗ್ಬಾರ್ದು. ಹಂಗೆ ನೋಡ್ಕೊಂಡ್ರೆ ಚಾಕು ನಿಂದು. ಹೋಯ್ತೋ, ಸಾಯೋತನಕ ಅಕ್ಕಿ ತೊಳ್ಕೊಂಡಿರು."

"ಏಯ್ ಕುಳ್ಳ, ಇನ್ನೊಂದು ತಟ್ಟೆ ತಾರೋ!" ಅಣ್ಣ ಕೂಗಿದ. "ನಮ್ಮನೇಲಿ ಬಿಟ್ಟಿ ತಿಂದು ಬೆಳೆದೋನು, ಈಗ ನಮ್ಗೆ ಬಡಿಸ್ತಾನೆ ನೋಡೇ!"

ಬಿಟ್ಟಿ ಏನಲ್ಲ. ಅಮ್ಮ ಸತ್ತ ಮೇಲೆ ಅವನ ತುತ್ತಿಗೆ ಅಣ್ಣ ಲೆಕ್ಕ ಇಟ್ಟಿದ್ದ. ಅಣ್ಣ ಮಲಗಿದ ಮೇಲೆ ತನ್ನ ಪಾಲಿನದನ್ನು ಅವನ ತಟ್ಟೆಗೆ ಸುರಿಯುತ್ತಿದ್ದವಳು ಅತ್ತಿಗೆ. "ನಿಂದು ಊಟ ಆಯ್ತೇನೋ?" ಎಂದು ಪಿಸುಗುಟ್ಟಿಕೊಂಡು ಬರುವಳು. ಅಣ್ಣನೇ ಕೊನೆಗೆ ಅವನನ್ನು ಕತ್ತು ಹಿಡಿದು ಹೊರಗೆ ದಬ್ಬಿದ್ದ.

ಟೀ ತುಂಬಿಸಲು ಹೋದ ಕುಳ್ಳನಿಗೆ ಅಣ್ಣನ ಮೇಜಿನ ಕೆಟಲು ಭಾರ ಅನ್ನಿಸಿತು. ಮುಚ್ಚಳ ತೆಗೆದ. ಟೀಯಲ್ಲಿ ನೆನೆದು ಊದಿದ ಅನ್ನ, ಕತ್ತಿನವರೆಗೆ. ಇಷ್ಟು ವರ್ಷಕ್ಕೆ ಸಿಕ್ಕಿಬಿದ್ದೆಯಲ್ಲ ಮಗನೇ ಎಂದುಕೊಂಡು ಅಷ್ಟನ್ನೂ ತಟ್ಟೆಗೆ ಸುರಿದ. ಇಡೀ ಹೋಟೆಲಿಗೆ ಕೇಳುವಂತೆ ಹೇಳಿದ:

"ಇದನ್ನ ಮುಗಿಸಿ ಏಳಿ."

ಎಲ್ಲರೂ ತಿರುಗಿ ನೋಡಿದರು. ಯಜಮಾನ ಬಂದು ನಿಂತ. ಅಣ್ಣನ ಮುಖ ಒಂದು ಗಳಿಗೆ ಕಪ್ಪಿಟ್ಟಿತು, ಅಷ್ಟೇ. ಆಮೇಲೆ ತಟ್ಟೆಯನ್ನು ಹೆಂಡತಿಯ ಮುಂದಕ್ಕೆ ತಳ್ಳಿದ.

"ಬಚ್ಚಿಟ್ಟೋಳು ಇವ್ಳೇ. ತಿನ್ನೇ."

ಹಸಿ ಮೀನಿನ ವಾಸನೆಗೇ ಅವಳು ಏನನ್ನೂ ಮುಟ್ಟಿರಲಿಲ್ಲ. ಕುಳ್ಳ ಅದನ್ನು ಕಣ್ಣಾರೆ ಕಂಡಿದ್ದ. ಅವನು ಬಾಯಿ ತೆರೆದ.

"ಏನು?" ಯಜಮಾನ ಕೇಳಿದ. "ನಿಮ್ಮೋರು ಅಂತ ಕಸಕ್ಕೆ ಸುರೀಲಾ?"

ಅತ್ತಿಗೆ ಮೈದುನನ ಮುಖವನ್ನೇ ನೋಡುತ್ತಿದ್ದಳು.

"ಬೇಡ," ಎಂದ ಕುಳ್ಳ. "ಒಂದಗುಳೂ ಬಿಡ್ಬೇಡಿ ಅತ್ತಿಗೆ."

ಅವಳು ತಿಂದಳು. ಮೀನಿನ ಚೂರು, ಟೀ ಸೊಪ್ಪು, ಗಂಡ ಕಚ್ಚಿ ಉಗಿದದ್ದು, ಎಲ್ಲವನ್ನೂ. ನಡುವೆ ಓಕರಿಕೆ ಬಂತು. ಸೆರಗು ಬಾಯಿಗೊತ್ತಿ ಹಿಡಿದು ನುಂಗಿದಳು.

"ಮೈದುನನ ಕೈರುಚಿ, ಮೆತ್ತಗೆ ತಿನ್ನೇ," ಎಂದು ನಗುತ್ತಾ ಅಣ್ಣ ಹಲ್ಲುಕಡ್ಡಿ ಎತ್ತಿಕೊಂಡ. ಪಕ್ಕದ ಮೇಜಿನವರೂ ನಕ್ಕರು.

ಕೊನೆಯ ಅಗುಳನ್ನು ಬೆರಳಲ್ಲಿ ಒರೆಸಿ ಬಾಯಿಗಿಟ್ಟುಕೊಂಡು ಅತ್ತಿಗೆ ಮೆಲ್ಲಗೆ ಕೇಳಿದಳು:

"ನಿಂದು ಊಟ ಆಯ್ತೇನೋ?"

"ಆಯ್ತು," ಎಂದ ಕುಳ್ಳ, ಖಾಲಿ ತಟ್ಟೆಯನ್ನು ಯಜಮಾನನ ಕಡೆ ಎತ್ತಿ ತೋರಿಸುತ್ತಾ.