ಮೂಲೆಯ ಗಂಟೆ

"ಇದನ್ನ ನೀವು ಯಾವತ್ತೂ ಒತ್ತೇ ಇಲ್ವಾ ಸರ್?" ಅಂದಳು ಲ್ಯಾಬಿನ ಹುಡುಗಿ. ಕಂಪ್ಯೂಟರ್ ಪರದೆಯ ಮೇಲ್ಮೂಲೆಯಲ್ಲಿ ಕಡಲೆಕಾಳಿನಷ್ಟು ಗಂಟೆಯ ಚಿತ್ರ, ಅದರ ನೆತ್ತಿಯ ಮೇಲೊಂದು ಕೆಂಪು ಚುಕ್ಕೆ.

"ಅಲಂಕಾರಕ್ಕೆ ಇಟ್ಟಿದಾರೆ ಅಂದ್ಕೊಂಡಿದ್ದೆ ಕಣಮ್ಮಾ," ಅಂದರು ಗಣಿತದ ಮೇಷ್ಟ್ರು.

ತಮಾಷೆಗೆ ಅಂದಿದ್ದಲ್ಲ, ಅವರು ನಿಜವಾಗಿ ಹಾಗೇ ತಿಳಿದಿದ್ದರು. ಅದು ದುಡಿಯುವವರ ಸಂಜೆ ಶಾಲೆ. ಎಂದೋ ಓದು ಬಿಟ್ಟವರು ಹತ್ತನೇ ತರಗತಿ ಪಾಸಾಗಲು ಬರುವ ಜಾಗ. ಈ ವರ್ಷ ಪಾಠವೆಲ್ಲ ಕಂಪ್ಯೂಟರಿಗೆ ಹೋಗಿ, ಕೋಣೆಯ ಬದಲು ಚರ್ಚೆಯ ಬೋರ್ಡು ಬಂದಿತ್ತು. ಮೇಷ್ಟ್ರು ವಾರವಾರ ಪ್ರಶ್ನೆ ಹಾಕಬೇಕು, ಪ್ರತಿಯೊಬ್ಬರೂ ಅಲ್ಲೇ ಉತ್ತರ ಬರೆಯಬೇಕು, ಬರೆಯದವರ ಹೆಸರು ಹೊಡೆದುಹಾಕಬೇಕು; ಹೆಸರು ಹೋದರೆ ಪರೀಕ್ಷೆಯೂ ಇಲ್ಲ. ಜೀವಮಾನವೆಲ್ಲ ಬಳಪದ ಪುಡಿ ನುಂಗಿದ ಮೇಷ್ಟ್ರು ಹಲ್ಲು ಕಚ್ಚಿಕೊಂಡು ಮೂರು ವಿದ್ಯೆ ಕಲಿತರು: ಒಳಗೆ ಹೋಗುವುದು, ಪ್ರಶ್ನೆ ಹಾಕುವುದು, ಹೊರಗೆ ಬರುವುದು. ಮಿಕ್ಕಿದ್ದು ಎಳೆಯರಿಗಿರಲಿ ಅಂತ ಕೈಕೊಡವಿಕೊಂಡರು. ಈಗ ಪರೀಕ್ಷೆ ಮುಗಿದಿತ್ತು. ಹೊಸಬರಿಗಾಗಿ ಬೋರ್ಡು ಖಾಲಿ ಮಾಡಿಸಿಕೊಳ್ಳಲು ಲ್ಯಾಬಿಗೆ ಬಂದಿದ್ದರು.

ಹುಡುಗಿ ಗಂಟೆ ಒತ್ತಿದಳು. 'ಒಪ್ಪಿಗೆಗೆ ಕಾಯುತ್ತಿರುವ ಬರಹಗಳು' ಅಂತ ಒಂದು ಪುಟ ತೆರೆದುಕೊಂಡಿತು. ಉದ್ದಕ್ಕೂ ಒಂದೇ ಹೆಸರು, ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸಿನದು. ಮೇಷ್ಟ್ರೇ ಹೊಡೆದುಹಾಕಿದ್ದ ಹೆಸರು.

"ಮೊದಲ್ನೇ ಸಲ ಬರೆದೋರ್ದು ನಾವು ಒಪ್ಪಬೇಕು ಸರ್. ಒಂದ್ಸಲ ಒಪ್ಪಿದ್ರೆ ಆಮೇಲೆ ತಾನೇ ಹೋಗುತ್ತೆ. ಬೇರೆಯೋರ್ನೆಲ್ಲ ಮೊದಲ ದಿನ ಇಲ್ಲೇ ಕೂರಿಸಿ ಬರೆಸಿ, ನಾನೇ ಒಪ್ಪಿಬಿಟ್ಟೆ. ಇವ್ರು ಅವತ್ತು ಬಂದಿರ್ಲಿಲ್ಲ. ಆಮೇಲೆ ಮನೆಯಿಂದ ಬರೆದಿದಾರೆ. ಎಲ್ಲಾನೂ ಇಲ್ಲೇ ನಿಂತುಬಿಟ್ಟಿದೆ."

"ಅವಳಿಗೆ ಗೊತ್ತಾಗ್ತಿರ್ಲಿಲ್ವಾ?"

"ಅವ್ರ ಫೋನಲ್ಲಿ ಅವ್ರಿಗೆ ಕಾಣುತ್ತೆ ಸರ್. ಬೇರೆ ಯಾರಿಗೂ ಕಾಣಲ್ಲ."

ಉತ್ತರ ಬರೆಯುತ್ತಿಲ್ಲ ಅಂತ ಎಚ್ಚರಿಕೆಯ ಪತ್ರ ಹೋದಾಗ ಅವಳು ಕೆಲಸದ ಏಪ್ರನ್ನಿನಲ್ಲೇ ಓಡಿ ಬಂದಿದ್ದಳು. "ತಪ್ಪದೆ ಬರೆದಿದೀನಿ ಸರ್, ಇಲ್ನೋಡಿ" ಅಂತ ಫೋನು ಚಾಚಿದ್ದಳು. ಮೇಷ್ಟ್ರು ಕತ್ತೆತ್ತಿರಲಿಲ್ಲ. "ನನ್ನ ಬೋರ್ಡಲ್ಲಿ ಇಲ್ಲ ಅಂದ್ರೆ ಇಲ್ಲ ತಾಯಿ. ಎಲ್ಲಾರೂ ಹೀಗೇ ಹೇಳ್ತಾರೆ" ಅಂದು ಅವತ್ತೇ ಹೆಸರು ಹೊಡೆದಿದ್ದರು. ಯಾರ ಮುಲಾಜಿಗೂ ಬಗ್ಗದವರು ಅನ್ನುವ ಹೆಸರು ಅವರಿಗಿತ್ತು; ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದುಕೊಂಡು ಬಂದಿದ್ದರು. ಚಾಚಿದ ಫೋನು ನೋಡಲು ಅರೆನಿಮಿಷ ಸಾಕಿತ್ತು.

ಮೇಷ್ಟ್ರು ಹಳೆಯದರಿಂದ ಶುರುಮಾಡಿ, ಪುಟದ ಕೆಳಗಿನಿಂದ ಓದತೊಡಗಿದರು. 'ನಮಸ್ಕಾರ ಸರ್. ಅರ್ಧಕ್ಕೆ ಮೂರರಲ್ಲಿ ಒಂದು ಸೇರಿಸಿದರೆ ಐದರಲ್ಲಿ ಎರಡು. ಸರಿಯಾ ಸರ್?' ಸರಿಯಿರಲಿಲ್ಲ. ಒಂದು ಸಾಲಿನಲ್ಲಿ ತಿದ್ದಬಹುದಿತ್ತು. ತಿದ್ದುವವರಿಲ್ಲದೆ ಅದೇ ತಪ್ಪು ಮುಂದಿನ ಲೆಕ್ಕಕ್ಕೂ ಅದರ ಮುಂದಿನದಕ್ಕೂ ದಾಟಿತ್ತು. ನಡುನಡುವೆ ಇತರರಿಗೆ ಬರೆದದ್ದು: 'ಅಣ್ಣಾ, ಚೆನ್ನಾಗಿ ಬಿಡಿಸಿದ್ದೀರಿ, ನನಗೂ ಹೇಳಿಕೊಡಿ.' 'ಅಕ್ಕಾ, ಜ್ವರ ಬಿಡ್ತಾ?' ಯಾವ ಅಣ್ಣನೂ ಅಕ್ಕನೂ ತಿರುಗಿ ಮಾತಾಡಿರಲಿಲ್ಲ. ಬರಬರುತ್ತಾ ಸಾಲುಗಳು ಚಿಕ್ಕವಾಗಿದ್ದವು. ಕೊನೆಯದು ಇಷ್ಟೇ: 'ಸರ್, ನಾನು ಬರೆಯೋದು ನಿಮಗೆ ಕಾಣ್ತಾ ಇದೆಯಾ?'

"ಈಗ ಏನಾದ್ರೂ ಮಾಡಕ್ಕಾಗುತ್ತಾ?"

"ಪರೀಕ್ಷೇನೇ ಮುಗೀತಲ್ಲ ಸರ್," ಅಂದಳು ಹುಡುಗಿ. ಆದರೂ ಮೇಷ್ಟ್ರು ಒಂದೊಂದನ್ನೂ ಒಪ್ಪುತ್ತಾ ಹೋದರು.

ಮರುದಿನ ಲಾಂಡ್ರಿ ಹುಡುಕಿಕೊಂಡು ಹೋದರು. ಆಸ್ಪತ್ರೆಗಳ ಹಾಸು ಹೊದಿಕೆ ಒಗೆಯುವ ದೊಡ್ಡ ಶೆಡ್ಡು. ಹಬೆಗೆ ಕನ್ನಡಕ ಮಂಜಾಯಿತು. ಯಂತ್ರಗಳ ಗದ್ದಲದಲ್ಲಿ ಗುಟ್ಟು ಹೇಳುವ ಮಾತೇ ಇಲ್ಲ, ಏನಿದ್ದರೂ ಕೂಗಿಯೇ ಹೇಳಬೇಕು. ದಾರಿಯುದ್ದಕ್ಕೂ ಮೇಷ್ಟ್ರು ಜೋಡಿಸಿಕೊಂಡು ಬಂದಿದ್ದ ಗೌರವದ ಮಾತುಗಳೆಲ್ಲ ಅಲ್ಲೇ ಉದುರಿಹೋದವು.

"ನೀನು ಬರೆದಿದ್ದೆ ತಾಯಿ! ತಪ್ಪು ನಂದು!"

ಬಟ್ಟೆ ಎತ್ತುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು ಹತ್ತಿರ ಬಂದಳು.

"ಅವತ್ತೇ ಹೇಳಿದ್ನಲ್ಲ ಸರ್."

"ಈ ಸಲ ನಾನೇ ಮುಂದೆ ನಿಂತು ಸೇರಿಸ್ಕೋತೀನಿ. ಶುರುವಿನಿಂದ ಹೇಳಿಕೊಡ್ತೀನಿ."

"ನನ್ನ ಓದು ಹಾಗಿರ್ಲಿ ಬಿಡಿ ಸರ್. ನಾನು ಬರೆದಿದ್ದೆ ಅಂತ ಅವಳಿಗೆ ಹೇಳಿ." ಗೋಡೆಬದಿಯ ಮೇಜಿನ ಹತ್ತಿರ ಒಬ್ಬಳು ಹುಡುಗಿ ತನಗಿಂತ ಎರಡುಪಟ್ಟು ಉದ್ದದ ಹಾಸನ್ನು ಒಬ್ಬಳೇ ಮಡಿಸಲು ಹೆಣಗುತ್ತಿದ್ದಳು. "ನನ್ನ ಮಗಳು. ಇಬ್ರೂ ಒಂದೇ ವರ್ಷ ಹತ್ತನೇ ಕ್ಲಾಸು ಮುಗಿಸೋಣ ಅಂತ ಪಂಥ ಕಟ್ಟಿದ್ವಿ. ಫೋನಲ್ಲಿ ಬರೆಯೋದು ಕಲಿಸಿದ್ದೂ ಅವಳೇ. ನನ್ನ ಹೆಸರು ತೆಗೆದ ಮೇಲೆ, ಓದ್ತೀನಿ ಅಂತ ಇಷ್ಟು ದಿನ ನಾಟಕ ಆಡಿದ್ಯಾ ಅಂದ್ಲು. ತೋರ್ಸೋಣ ಅಂದ್ರೆ, ಹೆಸರು ಹೋದ್ಮೇಲೆ ಫೋನಲ್ಲಿ ಬೋರ್ಡೇ ತೆರ್ಕೊಳ್ಲಿಲ್ಲ. ಹಾಗಾದ್ರೆ ಮೇಷ್ಟ್ರು ಸುಳ್ಳು ಹೇಳ್ತಾರಾ ಅಂತ ಕೇಳಿದ್ಲು."

"ನೀನೇನಂದೆ?"

"ಮೇಷ್ಟ್ರು ಯಾಕೆ ಸುಳ್ಳು ಹೇಳ್ತಾರೆ ಅಂದೆ." ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು. "ಅಲ್ಲಿಗೆ ಮಾತು ಬಿಟ್ಳು. ಪರೀಕ್ಷೆ ದಿನ ಶಾಲೆಗೆ ಹೋಗ್ದೆ ಇಲ್ಲಿ ಬಂದು ಕೆಲಸಕ್ಕೆ ನಿಂತ್ಲು. ಮನೇಲೂ ಮಾತಿಲ್ಲ, ಇಲ್ಲೂ ಇಲ್ಲ."

ಒಂದು ಹೆಸರು ಹೊಡೆದೆ ಅಂದುಕೊಂಡಿದ್ದರು ಮೇಷ್ಟ್ರು; ಎರಡು ಹೋಗಿದ್ದವು. ಹುಡುಗಿಯ ಮೇಜಿನ ಬಳಿ ಹೋದರು.

"ಮಗೂ, ನಿಮ್ಮಮ್ಮ ಒಂದು ವಾರಾನೂ ತಪ್ಪಿಸಿಲ್ಲ. ಎಲ್ಲಾ ಬರೆದಿದ್ಲು. ಅಲ್ಲೇ ಇತ್ತು. ನೋಡದೇ ಇದ್ದೋನು ನಾನು."

ಹುಡುಗಿ ಕೈಯಲ್ಲಿದ್ದ ಅಂಚು ಬಿಡಲಿಲ್ಲ. ಅವರ ಮುಖ ನೋಡಿದಳು. ಅವಳದು ನಂಬುವ ಮುಖವಾಗಿರಲಿಲ್ಲ.

"ಏನಂತ ಬರೆದಿದ್ಲು?"

ಮೇಷ್ಟ್ರಿಗೆ ಬಾಯಿಪಾಠವಾಗಿತ್ತು. "ಅರ್ಧಕ್ಕೆ ಮೂರರಲ್ಲಿ ಒಂದು ಸೇರಿಸಿದ್ರೆ ಐದರಲ್ಲಿ ಎರಡು ಅಂತ. ಸರಿಯಾ ಸರ್ ಅಂತ ಕೇಳಿದ್ಲು."

ಹುಡುಗಿಯ ತುಟಿ ಅಲುಗಿತು. ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಆಮೇಲೆ ಮೇಷ್ಟ್ರನ್ನು ದಾಟಿ ಆಚೆ ನಿಂತಿದ್ದ ಅಮ್ಮನ ಕಡೆ ನೋಡಿದಳು.

"ಆರರಲ್ಲಿ ಐದು ಕಣಮ್ಮಾ," ಅಂತ ಕೂಗಿದಳು.

"ಹೌದಾ?" ಅಂದಳು ತಾಯಿ. ಹತ್ತಿರ ಬಂದು ನೆಲಕ್ಕೆ ಜೋತಿದ್ದ ಹಾಸಿನ ಇನ್ನೊಂದು ಅಂಚನ್ನು ಎತ್ತಿಕೊಂಡಳು. ತಾಯಿ ಮಗಳು ಅದನ್ನು ಎಳೆದು ಬಿಗಿ ಮಾಡಿದರು, ಎದುರುಬದುರು ನಡೆದು ಬಂದು ಅಂಚಿಗೆ ಅಂಚು ಸೇರಿಸಿದರು, ಮತ್ತೆ ದೂರ ಹೋದರು. ಮೇಜಿನ ಪಕ್ಕದಲ್ಲಿ ಮಡಿಸಬೇಕಾದ ಹಾಸುಗಳು ಎದೆಯೆತ್ತರ ಬಿದ್ದಿದ್ದವು. ಮೇಷ್ಟ್ರು ದಾರಿಗೆ ಅಡ್ಡವಾಗದಂತೆ ಗೋಡೆಗೆ ಒತ್ತಿ ನಿಂತುಕೊಂಡರು.