ಎರಡು ಇಪ್ಪತ್ತನಾಲ್ಕು

"ಹಸಿರು ದೀಪ ಎಲ್ಲಿ ಹೋತು?"

ಮೇಜಿನ ಕೆಳಗೆ ಅಂಗಾತ ಮಲಗಿದ್ದ ಮೌಲಾಲಿ ಕೇಳಿದ್ದು ನನ್ನನ್ನೂ ಅಲ್ಲ, ಜಿನಮತಿ ಅಕ್ಕನನ್ನೂ ಅಲ್ಲ. ಊರಿಗೆಲ್ಲ ಟೀವಿಯ ತಂತಿ ಎಳೆಯುವ ಆತ, ಮೇಲಿನ ಹಲಗೆಯನ್ನು ನೋಡುತ್ತ ಗಾಳಿಗೆ ಕೇಳಿದ ಮಾತದು. ತಂತಿ ಸಿಕ್ಕಿಸಿದ ಕಡೆ ಸಾಸಿವೆಕಾಳಿನಷ್ಟು ದೀಪವೊಂದು ಹೊತ್ತಿಕೊಳ್ಳಬೇಕಿತ್ತು. ಎರಡು ಕಂಪ್ಯೂಟರುಗಳ ಪೈಕಿ ಒಂದರಲ್ಲೂ ಹೊತ್ತಿರಲಿಲ್ಲ.

ಹೊಸದು ನನ್ನದು, ಹಳೆಯದು ಉಪಾಧ್ಯೆಯವರದು. ನಮ್ಮ ಬಸದಿಯ ಪಡಸಾಲೆಯಲ್ಲಿ ಸಂಜೆ ಸಂಜೆ ಜಿನಮತಿ ಅಕ್ಕ ಪುರಾಣದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು, ಉಪಾಧ್ಯೆಯವರು ಅರ್ಥ ಹೇಳುತ್ತಿದ್ದರು. ಅವ್ವನ ಸೆರಗು ಹಿಡಿದು ಬಂದ ವಯಸ್ಸಿನಿಂದಲೂ ನಾನು ಅಲ್ಲಿ ಕಂಬಕ್ಕೊರಗಿ ಕೂತು ಕೇಳಿದವನು. ಬಾಯಿ ಬಿಟ್ಟು ಒಂದು ಮಾತು ಆಡಿದವನಲ್ಲ. ಕಡೆಯ ಮೂರು ವರ್ಷ ಉಪಾಧ್ಯೆಯವರು ಅಕ್ಕನ ವಾಚನವನ್ನೆಲ್ಲ ತಮ್ಮ ಕಂಪ್ಯೂಟರಿನಲ್ಲಿ ಹಿಡಿದಿಟ್ಟರು. ಆಮೇಲೆ ಅವರು ತೀರಿಕೊಂಡರು. ಮರುವರ್ಷ ಅಕ್ಕನ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ದನಿಯೇ ಹೋಯಿತು. ಅಂದಿನಿಂದ ಅವರು ಮಾತಾಡುವುದು ಪಾಟಿಯ ಮೇಲೆ, ಬಳಪ ಹಿಡಿದು.

ಆ ದನಿ ಲೋಕದಲ್ಲಿ ಉಳಿದದ್ದು ಈ ಹಳೆಯ ಯಂತ್ರದ ಹೊಟ್ಟೆಯೊಳಗೆ ಮಾತ್ರ. ಆ ಹೊಟ್ಟೆಯೂ ಎರಡು ದಿನದಿಂದ ಕಟಕ್ ಕಟಕ್ ಎನ್ನುತ್ತಿತ್ತು. ಪೆನ್‌ಡ್ರೈವ್ ಚುಚ್ಚುವ ಕಿಂಡಿಗಳೆಲ್ಲ ಸತ್ತಿದ್ದವು.

"ಒಳಗಿನ ಡಿಸ್ಕ್ ಬಿಚ್ಚಿ ತಗದ್ರ ಮತ್ತ ತಿರುಗ್ತದೋ ಇಲ್ಲೋ, ಆ ಅಲ್ಲಾನ ಬಲ್ಲ," ಎಂದಿದ್ದ ಮೌಲಾಲಿ. "ತಿರುಗೂತನಕ ತಿರುಗ್ಲಿ. ಈ ತಂತಿ ಒಂದರಾಗ ಎಲ್ಲಾ ಈ ಕಡೆ ಎಳಕೊಂಡ್ ಬಿಡೂಣು."

ಅಕ್ಕ ಪಾಟಿಯಲ್ಲಿ ಬರೆದು ಅವನ ಮೂಗಿನ ಮುಂದೆ ಹಿಡಿದರು: "ಮಲಗಿದ್ದು ಸಾಕು, ಏಳು."

"ಎದ್ದೆ ಅಕ್ಕಾರ!" ಎಂದು ಹೊರಬಂದವನು ತಂತಿಯ ತುದಿಯನ್ನು ಬೆಳಕಿಗೆ ಹಿಡಿದು ಹಣೆ ಬಡಿದುಕೊಂಡ. "ಥೋ! ನಾ ತಂದದ್ದು ನೆಟ್ಟನ ತಂತಿ. ಈ ಹಳೇ ಕಾಲದ ಯಂತ್ರದ ಜೋಡಿ ಮಾತಾಡಬೇಕಂದ್ರ, ಈಕಡಿಂದರ ಬಾಯಿ ಆಕಡಿಂದರ ಕಿವಿಗೆ ಹೋಗಬೇಕು. ನಾ ಬಾಯಿಗೆ ಬಾಯಿ, ಕಿವಿಗೆ ಕಿವಿ ಹಚ್ಚೇನಿ. ಇಬ್ರೂ ಒದರಿದ್ರ ಕೇಳವ್ರು ಯಾರು?"

ನನಗೆ ಮೈ ಜುಮ್ಮೆಂದಿತು. ಕಂಪ್ಯೂಟರಿನ ವಿಷಯದಲ್ಲಿ ನಾನು ಪೂರಾ ಅರ್ಥಮಾಡಿಕೊಂಡ ಮೊದಲ ಮಾತು ಅದು. ಓದುವವರಿದ್ದರೆ ಸಾಲದು, ಎದುರಿಗೆ ಕೇಳುವವನೂ ಇರಬೇಕು. ಇಷ್ಟು ವರ್ಷ ನಾನು ಮಾಡಿದ ಕೆಲಸವೂ ಅದೇ ತಾನೇ!

ಮೌಲಾಲಿ ಒಂದು ತುದಿಯನ್ನು ಕತ್ತರಿಸಿದ. ಎಂಟು ಬಣ್ಣದ ಎಳೆಗಳನ್ನು ಬಿಡಿಸಿ, ಕಿತ್ತಳೆಯ ಜಾಗಕ್ಕೆ ಹಸಿರನ್ನೂ ಹಸಿರಿನ ಜಾಗಕ್ಕೆ ಕಿತ್ತಳೆಯನ್ನೂ ಕೂಡಿಸಿ ಇಕ್ಕಳದಲ್ಲಿ ಒತ್ತಿದ. ಚುಚ್ಚಿದ. ದೀಪ ಹೊತ್ತಿತು! ಅತ್ತಲೂ ಹೊತ್ತಿತು! ಅಕ್ಕ ಬಳಪದ ಕೈಯಲ್ಲೇ ಚಪ್ಪಾಳೆ ತಟ್ಟಿದರು; ಮೂವರ ಮುಖಕ್ಕೂ ಪುಡಿ ಹಾರಿತು.

ಆದರೆ ದೀಪ ಹತ್ತಿದ್ದಷ್ಟೇ. ನನ್ನ ಕಂಪ್ಯೂಟರು ಕರೆದರೆ ಹಳೆಯದು ಓಗೊಡಲಿಲ್ಲ. ಮೌಲಾಲಿ ಹೊರಗಿನವರನ್ನು ತಡೆಯುವ ಅದೇನೋ ಕಾವಲನ್ನು ತೆಗೆದ, ಮತ್ತೆ ಕರೆದ. ಉತ್ತರವಿಲ್ಲ. ಒಳಗಿನ ಕಟಕ್ ಸದ್ದು ಈಗ ಉಸಿರಿಗೊಮ್ಮೆ ಕೇಳತೊಡಗಿತು. ನಾನು ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಂಡೆ.

"ಅಣ್ಣಾರ, ಆಗಿಂದ ಅದೇನ ಒತ್ತಿ ಒತ್ತಿ ಮುಚ್ಚಾಕತ್ತೀರಿ?" ಎಂದು ಮೌಲಾಲಿ ನನ್ನನ್ನು ಕೇಳಿದ.

"ಹಳದಿ ಚೀಟಿ. ಪರದೆ ಮೂಲ್ಯಾಗ ದಿನಾ ಏನಾರ ಒಂದು ಬರ್ತದ."

"ಯಪ್ಪಾ, ಮುಚ್ಚಬ್ಯಾಡ್ರಿ! ಓದ್ರಿ ಅದನ್ನ!"

ಓದಿದೆ. ಈ ಕಂಪ್ಯೂಟರಿನ ವಿಳಾಸದ ಸಂಖ್ಯೆ ಇದೇ ತಂತಿಯ ಮೇಲೆ ಇನ್ನೊಬ್ಬರ ಬಳಿ ಆಗಲೇ ಇದೆ ಎಂದಿತ್ತು. ಹಳೆಯ ಪರದೆಯ ಬಲಮೂಲೆ ಕಪ್ಪಿಟ್ಟಿದ್ದರಿಂದ ಅಲ್ಲಿ ಬಂದ ಚೀಟಿ ಯಾರಿಗೂ ಕಂಡಿರಲಿಲ್ಲ.

"ನಾ ನಿಮಗ ಏನಂದಿದ್ದೆ? ಮೊದಲ ಮೂರು ಅಂಕಿ ನಾ ಹೇಳಿದ್ದು, ಕಡೀದು ನಿಮ್ಮ ಮನಸಿಗೆ ಬಂದದ್ದು ಹಾಕ್ರಿ ಅಂದಿದ್ದೆ. ಏನ್ ಹಾಕೀರಿ?"

"ಇಪ್ಪತ್ತನಾಲ್ಕು," ಎಂದೆ. ಇಪ್ಪತ್ತನಾಲ್ಕು ತೀರ್ಥಂಕರರು, ನನ್ನ ಮನಸ್ಸಿಗೆ ಬೇರೆ ಯಾವ ಅಂಕಿ ಬರಬೇಕು?

ಮೌಲಾಲಿ ಹಳೆಯದರ ಮುಂದೆ ಕೂತು ಅದರ ಸಂಖ್ಯೆ ತೆರೆದ. ನೋಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ.

"ಉಪಾಧ್ಯೆ ಸಾಹೇಬ್ರಿಗೂ ನಾ ಹಿಂಗ ಹೇಳಿದ್ದೆ ನೋಡ್ರಿ! ಇಲ್ಲೂ ಇಪ್ಪತ್ತನಾಲ್ಕು! ಎರಡು ಮನಿಗೆ ಒಂದ ನಂಬರ ಬರಕೊಂಡು ಕುಂತ್ರ ಟಪಾಲಿನಾಂವ ಯಾರ ಬಾಗಿಲಾ ಬಡೀಬೇಕ್ರೀ?"

ಅಕ್ಕನೂ ನಕ್ಕರು. ಸದ್ದಿಲ್ಲ, ಭುಜ ಮಾತ್ರ ಕುಲುಕಿತು. ಪಾಟಿಯಲ್ಲಿ ಬರೆದರು: "ಹಿರಿಯರದು ಹಾಗೇ ಇರಲಿ."

"ಆತು, ಅಣ್ಣಾರದು ಇಪ್ಪತ್ತೈದು ಮಾಡೂಣು."

"ಇಪ್ಪತ್ತೈದನೇ ತೀರ್ಥಂಕರರು ಇಲ್ಲಲ್ಲೋ," ಎಂದೆ.

"ಹಂಗಾರ ಎದುರಿಗೆ ಕೇಳಾಕ ಕುಂತಾಂವ ಅಂತ ತಿಳೀರಿ!"

ಹಾಕಿದೆ. ಮೌಲಾಲಿ ಕರೆದ. ಈ ಸಲ ಓಗೊಟ್ಟಿತು, ಸಾಲು ಸಾಲಾಗಿ! ಪರ್ವದ ಮೇಲೆ ಪರ್ವ, ಸಂಧಿಯ ಮೇಲೆ ಸಂಧಿ ನನ್ನ ಕಡೆ ಬರತೊಡಗಿದವು. ಕುರ್ಚಿಯಲ್ಲಿ ಯಾರಿಗೂ ಕೂರಲಾಗಲಿಲ್ಲ. "ಬರ್ಲಿ ಬರ್ಲಿ, ನಿಂದ್ರಬ್ಯಾಡ," ಎಂದು ಮೌಲಾಲಿ ಎತ್ತಿಗೆ ಹೇಳಿದಂತೆ ಯಂತ್ರದ ಬೆನ್ನು ತಟ್ಟುತ್ತಿದ್ದ. ಕಡೆಯ ಕಡತವೂ ಬಂದು ಸೇರಿ ಇನ್ನೂ ಒಂದು ಲೋಟ ಚಹಾ ಮುಗಿದಿರಲಿಲ್ಲ, ಹಳೆಯದರ ಪರದೆ ಕಪ್ಪಾಯಿತು. ಕಟಕ್ ಸದ್ದೂ ನಿಂತಿತು. ಮತ್ತೆ ಅದು ಏಳಲಿಲ್ಲ.

ಕೈಗೆ ಸಿಕ್ಕ ಕಡತ ತೆರೆದೆ. ಜಿನಮತಿ ಅಕ್ಕನ ಆ ದನಿ ಕೋಣೆ ತುಂಬಿತು. ಮೌಲಾಲಿ ತಾನಾಗಿಯೇ ಚಪ್ಪಲಿ ಬಿಟ್ಟು ನಿಂತ. ಕೊಳದ ವರ್ಣನೆ; ದನಿ ಮೇಲೇರಿ ಏರಿ ತಟ್ಟನೆ ತಡೆಯಿತು. ಒಂದು ಶಬ್ದ ಮರೆತುಹೋಗಿತ್ತು. ಆ ನಿಶ್ಶಬ್ದದೊಳಗೆ ಪಕ್ಕದಿಂದ, ಪಿಸುಮಾತಿಗಿಂತ ತುಸು ಗಟ್ಟಿಯಾಗಿ, ಉಪಾಧ್ಯೆಯವರ ದನಿ ಬಂತು: "ತಾವರಿ ಎಲಿ, ಅಕ್ಕಾ... ಎಲಿ." ಅಕ್ಕ ಕಿಲಕಿಲನೆ ನಕ್ಕದ್ದು ಕೇಳಿಸಿತು. ಮತ್ತೆ ಪದ್ಯ ಮುಂದುವರಿಯಿತು.

ಎದುರಿಗಿದ್ದ ಅಕ್ಕನ ಮುಖ ಕೆಂಪೇರಿತ್ತು. ಪಾಟಿ ಎಳೆದುಕೊಂಡು ಬರೆದರು: "ಇಷ್ಟನ್ನ ಅಳಸಿಬಿಡು. ವಾಚನದೊಳಗೆ ತಪ್ಪು ಉಳಿಯಬಾರದು."

ಕಂಬಕ್ಕೊರಗಿ ಕೂತಿದ್ದ ನನಗೆ ಮಾತ್ರ ಗೊತ್ತಿದ್ದ ಸಂಗತಿಯೊಂದಿತ್ತು. ಅರ್ಥ ಹೇಳುವ ತಮ್ಮ ಸರದಿ ಬಂದೊಡನೆ, ಅಕ್ಕ ಪುಸ್ತಕದಿಂದ ತಲೆ ಎತ್ತುವ ಮೊದಲೇ, ಉಪಾಧ್ಯೆಯವರು ಕೈ ಚಾಚಿ ಯಂತ್ರ ನಿಲ್ಲಿಸಿಬಿಡುತ್ತಿದ್ದರು. ಆ ದನಿಯ ಪಕ್ಕದಲ್ಲಿ ನನ್ನದೇಕೆ ಎಂದು ನನ್ನತ್ತ ಪಿಸುಗುಡುತ್ತಿದ್ದರು. ಮೂರು ವರ್ಷದ ಅಷ್ಟೂ ಕಡತಗಳಲ್ಲಿ ಅವರು ಉಳಿದಿದ್ದರೆ ಈ ನಾಲ್ಕು ಮಾತುಗಳಲ್ಲೇ.

ಅದನ್ನು ಹೇಳಿದೆ. ಅಕ್ಕ ಬರೆದದ್ದನ್ನು ಅಂಗೈಯಿಂದ ಒರೆಸಿ, ಪಾಟಿಯ ತುಂಬ ಒಂದೇ ಶಬ್ದ ಬರೆದು ನನ್ನ ಎದೆಗೆ ಒತ್ತಿ ಹಿಡಿದರು: "ಅಳಸು."

ಅವರು ಹೇಳಿದ್ದನ್ನು ಕೇಳುವುದೇ ಚಿಕ್ಕಂದಿನಿಂದ ನನ್ನ ಕೆಲಸ. ಈ ಸಲ ಮಾತ್ರ ಮೌಸಿನ ಮೇಲಿದ್ದ ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡೆ.

"ಇಲ್ಲ ಅಕ್ಕಾ," ಎಂದೆ. "ನಾ ಅಳಸೂದಿಲ್ಲ."