ಸಕ್ಕರೆಬಾಯಿಯ ಅರ್ಧ ಮುಖ

ಫೋಟೋ ಸ್ಟುಡಿಯೋದವಳಿಗೆ ಸೇಡು ಬೇಕಿತ್ತು. ಕ್ಷಮೆ ದೊಡ್ಡ ಗುಣ ಎನ್ನುವವರು ಎನ್ನಲಿ, ಅವರ ಗಂಡಂದಿರನ್ನು ಯಾರೂ ತುಂಬಿದ ಸಭೆಯಲ್ಲಿ ಕುಡುಕ ಎಂದಿರುವುದಿಲ್ಲ. ಇವಳ ಗಂಡನ ಕೈ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಜಜ್ಜಿಹೋಗಿತ್ತು. ಅವನ ಪರ ಮಾತಾಡಬೇಕಿದ್ದ ಕಾರ್ಮಿಕ ಸಂಘದ ಅಧ್ಯಕ್ಷ ಮಾಲೀಕರ ಕಡೆ ವಾಲಿ, ‘ಕುಡಿದು ಬಂದಿದ್ದ’ ಎಂದುಬಿಟ್ಟ. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದ ಗಂಡ ಎದ್ದು ನಿಂತು ತಡವರಿಸಿದಾಗ ಅಧ್ಯಕ್ಷ ತುಟಿ ಕೊಂಕಿಸಿ ನಕ್ಕ. ಸಭೆಯ ಫೋಟೋ ತೆಗೆಯಲು ಹೋಗಿದ್ದವಳು ಇವಳೇ. ಆ ಕೊಂಕುನಗೆ ಅವಳ ಕ್ಯಾಮೆರಾದಲ್ಲಿ ಉಳಿಯಿತು. ಗಂಡ ಅಂದಿನಿಂದ ಬೀದಿಯಲ್ಲಿ ತಲೆ ಎತ್ತಿ ನಡೆದಿಲ್ಲ.

ಆ ಅಧ್ಯಕ್ಷನಿಗೆ ಜನ ಇಟ್ಟ ಹೆಸರು ಸಕ್ಕರೆಬಾಯಿ. ಮಾತಾಡಿದರೆ ಇರುವೆ ಮುತ್ತಬೇಕು, ಅಷ್ಟು ಸಿಹಿ.

ಆಸ್ಪತ್ರೆಯ ಮೆದುಳಿನ ಡಾಕ್ಟರಮ್ಮ ಅವಳ ಹತ್ತಿರ ಕೆಲವು ಚಿತ್ರ ಮಾಡಿಸಿದ್ದರು. ಒಂದೇ ಮುಖ, ಅರ್ಧ ನಗು, ಅರ್ಧ ಸಿಡುಕು, ನಡುವೆ ಗೆರೆ ಕಾಣದ ಹಾಗೆ ಜೋಡಿಸಿದ್ದು. ಯಾಕೆಂದು ಕೇಳಿದ್ದಕ್ಕೆ ಹೇಳಿದರು: “ನಾವು ನೋಡೋದರಲ್ಲಿ ಎಡಗಡೆ ಇರೋದು ಮೊದಲು ಬಲ ಮೆದುಳಿಗೆ ಹೋಗತ್ತೆ, ಬಲಗಡೆದು ಎಡ ಮೆದುಳಿಗೆ. ಆಮೇಲೆ ಇಬ್ಬರೂ ಹಂಚ್ಕೋತಾರೆ. ಆದ್ರೆ ಮುಖ ಓದೋದ್ರಲ್ಲಿ ಬಲದ್ದೇ ಜಾಣ. ಅದಕ್ಕೇ ಚಿತ್ರದ ಎಡ ಅರ್ಧ ಸಿಡುಕಿದ್ರೆ ಹೆಚ್ಚಿನವರಿಗೆ ಇಡೀ ಮುಖ ಸಿಡುಕಿದ ಹಾಗೆ ಕಾಣತ್ತೆ. ಎಡಚರಲ್ಲಿ ಕೆಲವರಿಗೆ ಮಾತ್ರ ಈ ಪಾಲು ಅದಲುಬದಲು.”

ಸಂಘದ ಚುನಾವಣೆ ಬಂತು. ಪೋಸ್ಟರ್ ಮಾಡಿಸಲು ಸಕ್ಕರೆಬಾಯಿ ಅವಳ ಸ್ಟುಡಿಯೋಗೇ ಬಂದ, ಜೊತೆಗೆ ಹೆಂಡತಿಯ ತಮ್ಮ. “ಹಳೇದೆಲ್ಲ ಮರೆತುಬಿಡು ತಂಗಿ” ಎಂದು ಎಡಗೈಯಲ್ಲಿ ಚಹಾ ಲೋಟ ಎತ್ತಿಕೊಂಡ. ಅವಳ ಕಣ್ಣು ಆ ಕೈ ಮೇಲೆ ನಿಂತಿತು. ಡಾಕ್ಟರಮ್ಮನ ಚಿತ್ರಗಳನ್ನು ಮುಂದಿಟ್ಟು, “ಅಣ್ಣಾ, ಇದರಲ್ಲಿ ನಗ್ತಿರೋದು ಯಾವುದು, ಸುಮ್ನೆ ಹೇಳಿ” ಎಂದಳು. ಎಡ ಅರ್ಧ ಸಿಡುಕಿದ್ದ, ಹೆಚ್ಚಿನವರಿಗೆ ಸಿಡುಕಾಗಿಯೇ ಕಾಣುವ ಚಿತ್ರವನ್ನು ಅವನು ನಗು ಎಂದ. ಅವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಅವನ ನಗುಮುಖದ ಫೋಟೋ ಹೊಸದಾಗಿ ತೆಗೆದಳು. ಅದರ ಬಲ ಅರ್ಧ ಹಾಗೇ ಬಿಟ್ಟು, ಎಡ ಅರ್ಧಕ್ಕೆ ಸಭೆಯ ದಿನದ ಕೊಂಕುನಗೆ ಕೂರಿಸಿದಳು. ಬೆಳಕು ಹೊಂದಿಸಿದಳು, ಮೂಗಿನ ನೆರಳು ತಿದ್ದಿದಳು. ಅಷ್ಟು ಶ್ರದ್ಧೆಯಿಂದ ಅವಳು ಮದುಮಗಳ ಫೋಟೋ ಕೂಡ ತಿದ್ದಿರಲಿಲ್ಲ.

“ಭಾವ, ಇದ್ಯಾಕೋ ಒಂಥರಾ ಇದೆ” ಎಂದ ಹೆಂಡತಿಯ ತಮ್ಮ.

ಅವಳು ಸಕ್ಕರೆಬಾಯಿಯ ಮುಖವನ್ನೇ ನೋಡಿದಳು.

“ಒಂಥರಾ ಏನೋ, ಎಷ್ಟು ಚೆನ್ನಾಗಿ ನಗ್ತಿದೀನಿ. ನಿನ್ನ ಕಣ್ಣೇ ಸರಿ ಇಲ್ಲ” ಎಂದು ಗದರಿದ ಸಕ್ಕರೆಬಾಯಿ. ಪೋಸ್ಟರ್ ಅಚ್ಚಾಯಿತು.

ಗೋಡೆಗೋಡೆಯ ಮೇಲೂ ಆ ಮುಖ. ಕೆಲಸ ಮುಗಿಸಿ ಬರುವವರು ನೋಡಿ, ‘ನಮ್ಮನ್ನೇ ಆಡ್ಕೊಂಡು ನಗ್ತಾನಲ್ಲ’ ಎಂದರು. ಯಾಕೆ ಹಾಗನ್ನಿಸಿತೆಂದು ಯಾರಿಗೂ ಬೆರಳಿಟ್ಟು ತೋರಿಸಲಾಗಲಿಲ್ಲ. ಅವನ ಸಿಹಿಮಾತೂ ಈಗ ಹುಳಿಯಾಗಿ ಕೇಳಿಸತೊಡಗಿತು. ಚುನಾವಣೆಯಲ್ಲಿ ಅವನು ಮಕಾಡೆ ಬಿದ್ದ. ಹಿಂದಿನ ಸಲ ಜೈಕಾರ ಹಾಕಿದ್ದವರೇ ಎದುರು ಸಿಕ್ಕರೆ ಮುಖ ತಿರುಗಿಸಿದರು.

ಪೋಸ್ಟರ್ ಸುತ್ತಿ ಹಿಡಿದು ಅವನು ಒಬ್ಬನೇ ಬಂದ. “ಏನು ಮಾಡ್ದೆ ತಂಗಿ ಇದರಲ್ಲಿ?”

ಅವಳು ಬಲ ಅರ್ಧದ ಮೇಲೆ ಕಾಗದ ಇಟ್ಟು ಮುಚ್ಚಿದಳು. ಉಳಿದ ಎಡ ಅರ್ಧದಲ್ಲಿ ಅವನಿಗೆ ತನ್ನ ಕೊಂಕುನಗೆ ಕಾಣಿಸಿತು.

“ನಾನೇನೂ ಸೇರಿಸಿಲ್ಲ. ಎರಡೂ ನಿಮ್ಮದೇ. ಇದು ನನ್ನ ಗಂಡ ಎದ್ದು ನಿಂತಾಗ ನೀವು ನಕ್ಕಿದ್ದು.”

ಅವನು ಪೋಸ್ಟರ್ ಮಡಚಿಟ್ಟು, “ಏನು ಮಾಡ್ಲಿ ಹೇಳು” ಎಂದ.

“ಸಭೆ ಸೇರಿಸಿ, ಅವರು ಕುಡಿದಿರಲಿಲ್ಲ ಅಂತ ಹೇಳಿ.”

“ಹೇಳ್ತೀನಮ್ಮ. ಆದ್ರೆ ಈಗ ನನ್ನ ಮಾತು ಯಾರು ನಂಬ್ತಾರೆ? ದುಡ್ಡು ತಗೊಂಡು ಹೇಳ್ತಾನೆ ಅಂತಾರೆ.”

“ಹೇಳಿ. ನಿಜ ಹೇಳ್ದಾಗ ಯಾರೂ ನಂಬದಿದ್ರೆ ಹೇಗಿರತ್ತೆ ಅಂತ ಅವರಿಗೆ ಗೊತ್ತು. ನಿಮಗೂ ಗೊತ್ತಾಗ್ಲಿ.”

ಅವನು ಹೋದ. ಅವಳಿಗೆ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಒಳಮನೆಯಲ್ಲಿ ಗಂಡ ಕೆಮ್ಮಿದ್ದು ಕೇಳಿಸಿದ ಮೇಲೆಯೇ, ಅವನ ಹೆಸರಿನ ಕಳಂಕ ತೊಳೆಯಬಲ್ಲ ಒಂದೇ ಬಾಯಿಯನ್ನು ತನ್ನ ಕೈಯಾರೆ ಕೆಡಿಸಿದೆ ಎಂಬುದು ಅವಳಿಗೆ ಹೊಳೆದದ್ದು.